ಮಣ್ಣು ಉಳಿಸದ ಅರ್ಧ: ರೋಮನ್ ಕವಚದ ಮರುನಿರ್ಮಾಣದಲ್ಲಿ ಸಾಕ್ಷ್ಯವೆಷ್ಟು, ಊಹೆಯೆಷ್ಟು?

ಕಬ್ಬಿಣದಕಡಲೆ:

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಬಿಡುವಿನ ವೇಳೆಯಲ್ಲಿ ರೋಮನ್ ಸೈನಿಕರು ತೊಡುತ್ತಿದ್ದ ಉಂಗುರ ಕವಚದ ಒಂದು ತುಂಡನ್ನು ಮಾಡುತ್ತಿದ್ದೆ. ಹೋದ ವಾರ ಮುಗಿಯಿತು. ಉದ್ದ 15 ಸೆಂ.ಮೀ., ಅಗಲ 15 ಸೆಂ.ಮೀ., ಅಷ್ಟೇ. ಆದರೆ ಇಷ್ಟಕ್ಕೇ ಸಾವಿರದ ಆಸುಪಾಸಿನಷ್ಟು ಉಂಗುರಗಳು ಬೇಕಾದವು. ರೋಮನ್ ಉಂಗುರ ಕವಚದಲ್ಲಿ ಸಾಮಾನ್ಯವಾಗಿ ಒಂದು ಸಾಲು ಬೆಸುಗೆಯ ಗುರುತಿಲ್ಲದ ಇಡಿಯ ಉಂಗುರಗಳದ್ದು, ಅದರ ಪಕ್ಕದ ಸಾಲು ರಿವೆಟ್ ಹೊಡೆದು ಮುಚ್ಚಿದ ಉಂಗುರಗಳದ್ದು. ಇಡಿಯ ಉಂಗುರಗಳನ್ನು ತಗಡಿನಿಂದ ಪಂಚ್ ಮಾಡಿ ತೆಗೆದೆ. ಉಳಿದವಕ್ಕೆ ತಂತಿಯನ್ನು ಸಲಾಕೆಗೆ ಸುತ್ತಿ, ಸುರುಳಿಯನ್ನು ಕತ್ತರಿಸಿ, ಪ್ರತಿ ಉಂಗುರದ ಎರಡು ತುದಿಗಳೂ ಒಂದರ ಮೇಲೊಂದು ಬರುವಂತೆ ಬಗ್ಗಿಸಿ, ಅಡಿಗಲ್ಲಿನ ಮೇಲೆ ತಟ್ಟಿ ಚಪ್ಪಟೆ ಮಾಡಿ, ಅಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ, ಅಕ್ಕಿನುಚ್ಚಿಗಿಂತಲೂ ಚಿಕ್ಕದಾದ ರಿವೆಟ್ ಕೂರಿಸಿ ಮತ್ತೆ ತಟ್ಟಬೇಕು. ಪ್ರತಿ ರಿವೆಟ್ ಉಂಗುರದೊಳಗೂ ನಾಲ್ಕು ಇಡಿಯ ಉಂಗುರಗಳು ಹಾದುಹೋಗಿರಬೇಕು. ಒಂದು ಸಂಜೆಗೆ ಹತ್ತು ಉಂಗುರ ಮುಚ್ಚಿದರೆ ಆ ದಿನ ಕೆಲಸ ಚೆನ್ನಾಗಿ ಸಾಗಿತೆಂದು ಲೆಕ್ಕ.

ಪರೀಕ್ಷೆಯ ವಿವರಕ್ಕೆ ಬರುತ್ತೇನೆ, ಏಕೆಂದರೆ ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಮೊದಮೊದಲು ರಿವೆಟ್ ಇಲ್ಲದೆ, ತುದಿಗಳನ್ನು ಬರೀ ಎದುರುಬದುರು ತಾಗಿಸಿ ಒಂದು ಚಿಕ್ಕ ತುಂಡು ಮಾಡಿದ್ದೆ. ಗೋಣಿಚೀಲ ಹೊಲಿಯುವ ದಬ್ಬಳವನ್ನು ಕೈಯಲ್ಲೇ ಒತ್ತಿದರೆ ಸಾಕು, ಉಂಗುರಗಳು ಬಾಯಿಬಿಡುತ್ತಿದ್ದವು. ರಿವೆಟ್ ಹೊಡೆದ ತುಂಡಿನಲ್ಲಿ ಹಾಗಾಗಲಿಲ್ಲ. ಆಮೇಲೆ ಎರಡು ಕೆ.ಜಿ. ತೂಕದ ಕಬ್ಬಿಣದ ತುಂಡಿಗೆ ಚೂಪಾದ ಮೊಳೆಯನ್ನು ಬಿಗಿದು, ಪಿವಿಸಿ ಪೈಪಿನೊಳಗಿಂದ ಒಂದೂವರೆ ಮೀಟರ್ ಎತ್ತರದಿಂದ ನೇರವಾಗಿ ಬೀಳಿಸಿದೆ. ಕವಚದ ತುಂಡನ್ನು ಹಲಗೆಯ ಮೇಲೆ ಹಾಸಿದಾಗ ಮೂರು ರಿವೆಟ್‌ಗಳು ಕಿತ್ತವು, ಮೊನೆ ಹಲಗೆಯೊಳಗೆ ಇಳಿಯಿತು. ಅದೇ ತುಂಡಿನ ಇನ್ನೊಂದು ಭಾಗವನ್ನು, ಒದ್ದೆ ಜೇಡಿಮಣ್ಣಿನ ಮುದ್ದೆಯ ಮೇಲೆ ಮೂರು ಮಡಿಕೆ ಕಂಬಳಿ ಹಾಸಿ ಅದರ ಮೇಲಿಟ್ಟು ಪೆಟ್ಟು ಹಾಕಿದಾಗ ಒಂದು ಉಂಗುರವೂ ಬಿಡಲಿಲ್ಲ; ಮಣ್ಣಿನಲ್ಲಿ ಅರ್ಧ ಬೆರಳು ಆಳದ ಗುಳಿ ಮಾತ್ರ ಬಿದ್ದಿತ್ತು.

ಉಂಗುರಗಳು ಅವೇ, ಎತ್ತರವೂ ಅದೇ. ಬದಲಾದದ್ದು ಕವಚದ ಕೆಳಗಿದ್ದ ವಸ್ತು ಮಾತ್ರ. ಹಾಗಿದ್ದ ಮೇಲೆ ನಾನು ಪರೀಕ್ಷಿಸಿದ್ದು ರೋಮನ್ ಕವಚವನ್ನೋ, ನಮ್ಮ ಮನೆಯ ಕಂಬಳಿಯನ್ನೋ?

ಕವಚದ ಅಡಿಯಲ್ಲಿ ಏನೋ ಒಂದನ್ನು ತೊಡುತ್ತಿದ್ದರು ಎನ್ನುವುದಕ್ಕೆ ಬರಹದ ಆಧಾರವಿದೆ. ಕರ್ತೃವಿನ ಹೆಸರಿಲ್ಲದ 4ನೇ ಶತಮಾನದ ‘ದೆ ರೇಬುಸ್ ಬೆಲ್ಲಿಚಿಸ್’ ಎಂಬ ಲ್ಯಾಟಿನ್ ಕೃತಿ ‘ಥೋರಕೋಮಾಖುಸ್’ ಎಂಬ ಉಡುಪನ್ನು ವರ್ಣಿಸುತ್ತದೆ: ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟ್‌ನದು, ಮೈಯಳತೆಗೆ ಸರಿಯಾಗಿ ಹೊಲಿದದ್ದು, ಕವಚದ ಭಾರ ಮತ್ತು ಉಜ್ಜಾಟದಿಂದ ಮೈಯನ್ನು ಕಾಯುವಂಥದ್ದು. ಆದರೆ ಅದು ನಾನು ಅನುಕರಿಸಲು ಹೊರಟಿರುವ 1ನೇ ಶತಮಾನದ ಕವಚಕ್ಕಿಂತ ಮುನ್ನೂರು ವರ್ಷ ಈಚಿನ ಮಾತು. ಆ ಉಡುಪಿನ ದಪ್ಪವೆಷ್ಟು, ಪದರಗಳೆಷ್ಟು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಪರೀಕ್ಷೆಯ ಫಲಿತಾಂಶವನ್ನು ತೀರ್ಮಾನಿಸುವುದು ಆ ಎರಡು ಸಂಖ್ಯೆಗಳೇ. ಈ ವಿಷಯ ಬಲ್ಲವರು, ಮರುನಿರ್ಮಾಣದಲ್ಲಿ ಮಣ್ಣಿನಿಂದ ಬಂದದ್ದು ಎಷ್ಟು, ನಾವು ತುಂಬಿದ್ದು ಎಷ್ಟು ಎಂಬುದನ್ನು ಹೇಗೆ ಬೇರ್ಪಡಿಸುತ್ತಾರೆ ಎಂದು ತಿಳಿಸಬೇಕಾಗಿ ಕೋರುತ್ತೇನೆ.

ಹಳೆಪುಟ:

ಕಬ್ಬಿಣದಕಡಲೆ ಅವರೇ, ನೀವು ಕೇಳಿರುವುದು ಈ ಕ್ಷೇತ್ರದ ಮೂಲ ಪ್ರಶ್ನೆ. ಉಂಗುರ ಕವಚದ ಬದಲು, ರೋಮನ್ ಸೈನಿಕ ಎಂದೊಡನೆ ಎಲ್ಲರ ಕಣ್ಣಮುಂದೆ ಬರುವ, ಅಡ್ಡಡ್ಡ ಪಟ್ಟಿಗಳನ್ನು ಜೋಡಿಸಿದ ಪಟ್ಟಿ ಕವಚದ ಚರಿತ್ರೆಯಿಂದ ಉತ್ತರ ಕೊಡಲು ಯತ್ನಿಸುತ್ತೇನೆ, ಏಕೆಂದರೆ ಊಹೆಯು ಹೇಗೆ ಸಾಕ್ಷ್ಯದ ವೇಷ ತೊಡುತ್ತದೆ ಎಂಬುದು ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮೊದಲಿಗೆ ಹೆಸರನ್ನೇ ನೋಡಿ. ‘ಲೋರಿಕಾ ಸೆಗ್ಮೆಂಟಾಟಾ’ ಎಂಬುದು ಲ್ಯಾಟಿನ್ ಪದವಾದರೂ ರೋಮನ್ನರು ಇಟ್ಟ ಹೆಸರಲ್ಲ. 16ನೇ ಶತಮಾನದ ವಿದ್ವಾಂಸರು ಕೊಟ್ಟದ್ದು. ರೋಮನ್ನರು ಈ ಕವಚವನ್ನು ಏನೆಂದು ಕರೆಯುತ್ತಿದ್ದರೋ ಯಾವ ಬರಹದಲ್ಲೂ ಉಳಿದಿಲ್ಲ. ಆ ವಿದ್ವಾಂಸರ ಮುಂದಿದ್ದದ್ದು ರೋಮ್ ನಗರದಲ್ಲಿರುವ, ಚಕ್ರವರ್ತಿ ಟ್ರೇಜನ್‌ನ ಡೇಸಿಯಾ ಯುದ್ಧಗಳ ನೆನಪಿಗೆ ಕ್ರಿ.ಶ. 113ರಲ್ಲಿ ಅರ್ಪಣೆಯಾದ ಟ್ರೇಜನ್ ಸ್ತಂಭ. ಅದರ ಶಿಲ್ಪಗಳಲ್ಲಿ ಲೀಜನ್ (ರೋಮನ್ ಪೌರರ ಮುಖ್ಯ ಪಡೆ) ಸೈನಿಕರೆಲ್ಲ ಪಟ್ಟಿ ಕವಚದಲ್ಲಿ, ಸಹಾಯಕ ಪಡೆಯವರೆಲ್ಲ ಉಂಗುರ ಕವಚದಲ್ಲಿ ಇದ್ದಾರೆ. ಕಲ್ಲಿನಲ್ಲಿ ಪಟ್ಟಿಗಳು ಬಟ್ಟೆಯಂತೆ ಮೈಗೆ ಅಂಟಿಕೊಂಡು ಬಾಗುತ್ತವೆ. ಅದನ್ನು ನೋಡಿಯೇ ಬಹುಕಾಲ ಇದು ತೊಗಲಿನ ಪಟ್ಟಿಗಳ ಕವಚವೆಂದೋ, ತೊಗಲಂಗಿಯ ಮೇಲೆ ಕೂರಿಸಿದ ಲೋಹದ ಪಟ್ಟಿಗಳೆಂದೋ ಚಿತ್ರಕಾರರು ಬರೆಯುತ್ತ ಬಂದರು.

ಈಗ ಅದೇ ಟ್ರೇಜನ್‌ನ ಅದೇ ಡೇಸಿಯಾ ಯುದ್ಧಗಳ ನೆನಪಿಗೆ, ಯುದ್ಧ ನಡೆದ ಸೀಮೆಗೆ ಹತ್ತಿರದಲ್ಲೇ, ಇಂದಿನ ರುಮೇನಿಯಾದ ಆಡಮ್‌ಕ್ಲಿಸಿಯಲ್ಲಿ ಕ್ರಿ.ಶ. 109ರಲ್ಲಿ ನಿಂತ ಸ್ಮಾರಕವನ್ನು ನೋಡಿ. ಕೆತ್ತನೆ ಒರಟು, ಅಂಗಪ್ರಮಾಣ ಸರಿಯಿಲ್ಲ. ಆದರೆ ಅಲ್ಲಿನ ಲೀಜನ್ ಸೈನಿಕರು ಉಂಗುರ ಕವಚವನ್ನೂ ಹುರುಪೆ ಕವಚವನ್ನೂ ತೊಟ್ಟಿದ್ದಾರೆ, ಬಲಗೈಗೆ ಪಟ್ಟಿಪಟ್ಟಿಯಾದ ತೋಳುಕಾಪು ಹಾಕಿದ್ದಾರೆ. ಪಟ್ಟಿ ಕವಚ ಅಲ್ಲಿ ಕಾಣುವುದೇ ಇಲ್ಲ. ಒಂದೇ ಯುದ್ಧದ ಎರಡು ಸ್ಮಾರಕಗಳು ಒಂದೇ ಸೇನೆಗೆ ಎರಡು ಬೇರೆ ಉಡುಪು ತೊಡಿಸಿವೆ. ರೋಮ್‌ನ ಶಿಲ್ಪಿಗೆ ಯಾರು ಯಾವ ಪಡೆಯವರು ಎಂದು ನೋಡುಗನಿಗೆ ದೂರದಿಂದಲೇ ತಿಳಿಯುವಂತೆ ಮಾಡಬೇಕಿತ್ತು. ಕವಚವು ಅವನಿಗೆ ಒಂದು ಗುರುತು. ಗಡಿನಾಡಿನ ಶಿಲ್ಪಿ ಕಣ್ಣಾರೆ ಕಂಡದ್ದನ್ನು ಕೆತ್ತಿರಬಹುದು ಎಂದು ನಾನು ನಂಬುತ್ತೇನೆ. ಆದರೂ ಅದು ನನ್ನ ನಂಬಿಕೆ, ಸಾಕ್ಷ್ಯವಲ್ಲ.

ವಾದವನ್ನು ಕಲ್ಲಿನಿಂದ ಕಬ್ಬಿಣಕ್ಕೆ ತಂದದ್ದು 1964. ಉತ್ತರ ಇಂಗ್ಲೆಂಡಿನಲ್ಲಿ ಹೇಡ್ರಿಯನ್ ಗೋಡೆಗೆ ಸಮೀಪದ ಕಾರ್‌ಬ್ರಿಡ್ಜ್‌ನಲ್ಲಿ ಚಾರ್ಲ್ಸ್ ಡೇನಿಯಲ್ಸ್ ಅವರ ಉತ್ಖನನದಲ್ಲಿ, ತೊಗಲು ಹೊದಿಸಿ ಕಬ್ಬಿಣದ ಕಟ್ಟು ಹಾಕಿದ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಕ್ರಿ.ಶ. 2ನೇ ಶತಮಾನದ ಮೊದಲರ್ಧದಲ್ಲಿ ನೆಲದಡಿ ಹೂತಿಟ್ಟದ್ದು. ಒಳಗೆ ಈಟಿಮೊನೆಗಳು, ಉಪಕರಣಗಳು, ಮೊಳೆಗಳು, ಪಪೈರಸ್ ಚೂರುಗಳು, ಇವುಗಳ ಜತೆಗೆ ಬಟ್ಟೆ ಸುತ್ತಿಟ್ಟ ಪಟ್ಟಿ ಕವಚದ ಭಾಗಗಳಿದ್ದವು. ಕಬ್ಬಿಣವೆಲ್ಲ ತುಕ್ಕಾಗಿ ಒಂದಕ್ಕೊಂದು ಹತ್ತಿಕೊಂಡಿತ್ತು, ಆದರೆ ಪಟ್ಟಿಗಳು ಪರಸ್ಪರ ಇದ್ದ ಸ್ಥಾನ ಬದಲಾಗಿರಲಿಲ್ಲ. ತುಕ್ಕಿನಲ್ಲಿ ತೊಗಲಿನ ಪಟ್ಟೆಗಳ ಅಚ್ಚು ಉಳಿದಿತ್ತು. ಲಂಡನ್ ಟವರ್‌ನ ಶಸ್ತ್ರಾಗಾರದಲ್ಲಿದ್ದ ಎಚ್. ರಸೆಲ್ ರಾಬಿನ್ಸನ್, ಕವಚ ತಯಾರಿಕೆಯ ಕೈಕೆಲಸವನ್ನೂ ಬಲ್ಲವರಾಗಿದ್ದರಿಂದ, ಒಳಗಿನ ತೊಗಲಿನ ಪಟ್ಟೆಗಳಿಗೆ ರಿವೆಟ್ ಹೊಡೆದು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ತೊಡಬಲ್ಲ, ಬಾಗಬಲ್ಲ ಕವಚವನ್ನು ಕಟ್ಟಿ ತೋರಿಸಿದರು. ಬೇರೆ ತೊಗಲಂಗಿ ಬೇಕಾಗಲಿಲ್ಲ.

ಇಲ್ಲಿಯವರೆಗೆ ಇದು ಪ್ರಾಯೋಗಿಕ ಪುರಾತತ್ತ್ವದ ದೊಡ್ಡ ಗೆಲುವು. ತೊಡಕು ಶುರುವಾದದ್ದು ಆಮೇಲೆ. 1975ರ ರಾಬಿನ್ಸನ್ ಅವರ ಪುಸ್ತಕದ ರೇಖಾಚಿತ್ರವನ್ನು ನೋಡಿ ಇತಿಹಾಸ ಮರುಪ್ರದರ್ಶನದ ತಂಡಗಳು ಕವಚ ಮಾಡಿದವು. ಆ ಕವಚಗಳನ್ನು ನೋಡಿ ಕಾರ್ಖಾನೆಗಳು ಮಾಡಿದವು. ಇಂದು ಯೂರೋಪಿನ ಮೇಳಗಳಲ್ಲಿ ತೊಡುವ ಅಂಥ ಕವಚಗಳಲ್ಲಿ ಬಹಳಷ್ಟು ನಮ್ಮ ಉತ್ತರ ಭಾರತದ ಕಾರ್ಖಾನೆಗಳಿಂದ ಹೋಗುವಂಥವು. ಆ ಕಾರ್ಖಾನೆ ಕವಚದ ಫೋಟೊ ಶಾಲಾಪುಸ್ತಕಕ್ಕೆ ಬರುತ್ತದೆ. ಇಷ್ಟರೊಳಗೆ 1988ರಲ್ಲಿ ಲಿಂಡ್ಸೆ ಆಲಸನ್-ಜೋನ್ಸ್ ಮತ್ತು ಎಂ. ಸಿ. ಬಿಷಪ್ ಆ ಪೆಟ್ಟಿಗೆಯ ಪೂರ್ಣ ವರದಿಯನ್ನು ಪ್ರಕಟಿಸಿ, ಹಲವು ವಿವರಗಳನ್ನು ಪರಿಷ್ಕರಿಸಿದರು. ಸ್ಕಾಟ್ಲೆಂಡಿನ ನ್ಯೂಸ್ಟೆಡ್‌ನಲ್ಲಿ ಜೇಮ್ಸ್ ಕರ್ಲ್ 1905ರಿಂದ 1910ರವರೆಗೆ ನಡೆಸಿದ ಉತ್ಖನನದಲ್ಲಿ ಸಿಕ್ಕ ಪಟ್ಟಿಗಳಿಗೂ ಇದೇ ಗತಿ: ಕಾರ್‌ಬ್ರಿಡ್ಜ್‌ನ ಮಾದರಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮೊದಲು ಕಟ್ಟಿದ ರೂಪವನ್ನು ಮುಂದೆ ತಿದ್ದಬೇಕಾಯಿತು. ವರದಿ ತಿದ್ದುಪಡಿಯಾಯಿತು, ಪೇಟೆಯ ಕವಚ ತಿದ್ದುಪಡಿಯಾಗಲಿಲ್ಲ. ನೋಡುಗನಿಗಂತೂ ಯಾವ ರಿವೆಟ್ ತುಕ್ಕಿನಲ್ಲಿ ಕಂಡದ್ದು, ಯಾವುದು ಜೋಡಣೆ ನಿಲ್ಲಲಿ ಎಂದು ಹಾಕಿದ್ದು ಎಂದು ತಿಳಿಯುವ ದಾರಿಯೇ ಇಲ್ಲ; ಎರಡಕ್ಕೂ ಒಂದೇ ಪಾಲಿಶ್.

ಸಂದೇಹಿ:

ಇಷ್ಟೆಲ್ಲ ಅನಿಶ್ಚಿತವಾಗಿದ್ದರೆ ಪ್ರಯೋಗದಿಂದ ಪ್ರಯೋಜನವೇನು ಎಂಬ ಪ್ರಶ್ನೆ ನನ್ನದು. ಪುರಾತತ್ತ್ವಜ್ಞ ಜಾನ್ ಕೋಲ್ಸ್ ಅವರ 1962ರ ಪ್ರಯೋಗ ನೆನಪಾಗುತ್ತದೆ. ಕಂಚಿನ ಯುಗದ ಗುರಾಣಿಗಳ ಎರಡು ಪ್ರತಿಕೃತಿಗಳನ್ನು, ಒಂದು ಲೋಹದ್ದು, ಇನ್ನೊಂದು ಗಟ್ಟಿಮಾಡಿದ ತೊಗಲಿನದು, ಕತ್ತಿಯಿಂದ ಹೊಡೆದು ನೋಡಿದರು. ಲೋಹದ್ದು ಸೀಳಿಹೋಯಿತು, ತೊಗಲಿನದು ತಡೆಯಿತು. ಅಲ್ಲಿಂದ ಮುಂದೆ ದಶಕಗಳ ಕಾಲ ಕಂಚಿನ ಗುರಾಣಿಗಳೆಲ್ಲ ಬರೀ ಮೆರವಣಿಗೆಯ ವಸ್ತುಗಳು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಿಯಿತು. ಆದರೆ ಆ ಪ್ರತಿಕೃತಿ ತೆಳುವಾದ ತಾಮ್ರದ ತಗಡಿನದಾಗಿತ್ತು. ಮುಂದೆ ಬ್ಯಾರಿ ಮಲಾಯ್ ಮೊದಲಾದವರು ತವರ ಬೆರೆತ ನಿಜವಾದ ಕಂಚಿನಲ್ಲಿ ಮಾಡಿಸಿ ಪರೀಕ್ಷಿಸಿದಾಗ ಗುರಾಣಿಗಳು ಪೆಟ್ಟು ತಾಳಿದವು. ಒಂದೇ ಒಂದು ತಗಡಿನ ಆಯ್ಕೆ ಒಂದು ತಲೆಮಾರಿನ ತಿಳಿವಳಿಕೆಯನ್ನೇ ತಿರುಗಿಸಿತ್ತು.

ಗ್ರೀಕರ ನಾರುಬಟ್ಟೆಯ ಕವಚದ್ದೂ ಇಂಥದ್ದೇ ಕಥೆ. ಅಮೆರಿಕದ ವಿಸ್ಕಾನ್ಸಿನ್-ಗ್ರೀನ್ ಬೇ ವಿಶ್ವವಿದ್ಯಾಲಯದ ಗ್ರೆಗರಿ ಆಲ್‌ಡ್ರೆಟ್ ಮತ್ತು ಸಂಗಡಿಗರು ನಾರುಬಟ್ಟೆಯ ಪದರಗಳನ್ನು ಅಂಟಿನಿಂದ ಅಂಟಿಸಿ, ಬಾಣ ಹೊಡೆದು, ಅದು ಒಳ್ಳೆಯ ರಕ್ಷಣೆ ಕೊಡುತ್ತದೆಂದು 2013ರ ಪುಸ್ತಕದಲ್ಲಿ ತೋರಿಸಿದರು. ಪ್ರಯೋಗ ಶ್ರದ್ಧೆಯಿಂದ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಪದರಗಳನ್ನು ಅಂಟಿಸುತ್ತಿದ್ದರೇ, ಒತ್ತೊತ್ತಾಗಿ ಹೊಲಿಯುತ್ತಿದ್ದರೇ ಎಂಬ ಪ್ರಶ್ನೆಗೆ ಬಾಣ ಉತ್ತರ ಹೇಳುವುದಿಲ್ಲ. ‘ಹೀಗೆ ಮಾಡಿದರೆ ನಡೆಯುತ್ತದೆ’ ಎಂಬುದಕ್ಕೂ ‘ಹೀಗೆಯೇ ಮಾಡುತ್ತಿದ್ದರು’ ಎಂಬುದಕ್ಕೂ ನಡುವೆ ಇರುವ ಹಳ್ಳವನ್ನು ಪ್ರಯೋಗ ದಾಟಿಸಲಾರದು.

ನೂಲೆಳೆ:

ಉಣ್ಣೆಯ ವಿಚಾರ ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನದು ನೇಯ್ಗೆಯ ಕೆಲಸ. ಕಬ್ಬಿಣದಕಡಲೆ ಅವರೇ, ನೀವು ಕಂಬಳಿ ಬಳಸಿದ್ದನ್ನು ಒಪ್ಪಲು ನನಗೆ ಕಷ್ಟವಾಗುತ್ತದೆ. ಕಂಬಳಿ ಹಾಸು-ಹೊಕ್ಕಿನಲ್ಲಿ ನೇಯ್ದ ಬಟ್ಟೆ. ನೀವು ಉಲ್ಲೇಖಿಸಿದ ಪುಸ್ತಕ ಹೇಳುವ ಫೆಲ್ಟ್‌ನಲ್ಲಿ ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ಬಿಡಿ ಉಣ್ಣೆಯನ್ನು ಹರಡಿ, ಬಿಸಿನೀರು ಹಾಕಿ, ಉಜ್ಜಿ, ಸುತ್ತಿ, ಎಳೆಗಳು ಒಂದರೊಳಗೊಂದು ಬಿಡಿಸಲಾಗದಂತೆ ಹೆಣೆದುಕೊಳ್ಳುವವರೆಗೆ ಒತ್ತಿದ್ದು. ಮೊನೆ ಬಿದ್ದಾಗ ನೇಯ್ದ ಬಟ್ಟೆಯಲ್ಲಿ ನೂಲುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಫೆಲ್ಟ್‌ನಲ್ಲಿ ಸರಿಯಲು ಬೇರೆಬೇರೆ ನೂಲುಗಳೇ ಇಲ್ಲ.

ಇನ್ನೊಂದು ಸಂಗತಿಯನ್ನು ನೀವು ಗಮನಿಸಿರಲಾರಿರಿ. ನಮ್ಮ ಕಡೆಯ ಕೈಮಗ್ಗದ ಕಂಬಳಿಯಾಗಿದ್ದರೆ ಅದರ ಹಾಸುನೂಲಿಗೆ ಹುಣಸೆಬೀಜದ ಸರಿ (ಗಂಜಿ) ಹಚ್ಚಿರುತ್ತಾರೆ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿ ನಿಲ್ಲುವುದು ಆ ಸರಿಯಿಂದಲೇ; ನಾಲ್ಕು ಮಳೆಗಾಲ ಕಂಡ ಕಂಬಳಿಯಲ್ಲಿ ಅದು ತೊಳೆದುಹೋಗಿರುತ್ತದೆ. ನೀವು ಬಳಸಿದ್ದು ಹೊಸದೋ ಹಳೆಯದೋ ಎಂಬುದರ ಮೇಲೆ ಗುಳಿಯ ಆಳ ಬದಲಾಗುತ್ತದೆ. ನಿಮ್ಮ ಪರೀಕ್ಷೆಯೊಳಗೆ ರೋಮನ್ನರು ಕಂಡರಿಯದ ಹುಣಸೆಬೀಜವೂ ಸೇರಿಕೊಂಡಿರಬಹುದು.

ಉಣ್ಣೆಯ ಬಗ್ಗೆ ಮಾತಾಡುವಾಗ ರೋಮನ್ ಲೇಖಕ ಪ್ಲಿನಿಯನ್ನು ಬಿಡಬಾರದು. 1ನೇ ಶತಮಾನದ ‘ನ್ಯಾಚುರಲಿಸ್ ಹಿಸ್ಟೋರಿಯಾ’ದ ಎಂಟನೆಯ ಭಾಗದಲ್ಲಿ, ಒತ್ತಿದ ಉಣ್ಣೆಗೆ ವಿನಿಗರ್ ಸೇರಿಸಿದರೆ ಅದು ಕಬ್ಬಿಣವನ್ನೂ ತಡೆಯುತ್ತದೆ ಎಂದು ಆತ ಬರೆದಿದ್ದಾನೆ. ನಿಮಗೆ ಬೇಕಾದ ಕಾಲದ್ದೇ ಮಾತು ಅದು.

ಟೈನ್‌ದಂಡೆ:

ನಾನು ಇರುವುದು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೈನ್ ನದಿಯ ದಂಡೆಯಲ್ಲಿ. ಕಾರ್‌ಬ್ರಿಡ್ಜ್‌ನ ಮ್ಯೂಸಿಯಂಗೆ ಹಲವು ಸಲ ಹೋಗಿದ್ದೇನೆ. ಮೊದಲ ಸಲ ಹೋದವರಿಗೆ ನಿರಾಸೆಯಾಗುವಂತಿದೆ ಆ ಕಬ್ಬಿಣ: ಸುಟ್ಟ ರೊಟ್ಟಿಯ ಬಣ್ಣದ, ಅಂಚು ಕಿತ್ತುಹೋದ ಚಕ್ಕೆಗಳು. ಹತ್ತಿರ ಬಾಗಿ ನೋಡಿದಾಗ ಹಿತ್ತಾಳೆಯ ಚಿಕ್ಕ ಕೀಲುಗಳೂ ಬಕಲ್‌ಗಳೂ ಕಣ್ಣಿಗೆ ಬೀಳುತ್ತವೆ. ಸಂದೇಹಿ ಅವರಿಗೆ ನನ್ನ ಉತ್ತರ ಇರುವುದು ಆ ಕೀಲುಗಳಲ್ಲಿ.

ರೋಮನ್ ಕೋಟೆಗಳಿದ್ದ ಕಡೆಯಲ್ಲೆಲ್ಲ ಪಟ್ಟಿ ಕವಚದ ಕೀಲು, ಬಕಲ್, ಕೊಕ್ಕೆಗಳ ತುಂಡುಗಳು ಬಿಡಿಬಿಡಿಯಾಗಿ ಹೇರಳವಾಗಿ ಸಿಗುತ್ತವೆ, ಪಟ್ಟಿಗಳು ಮಾತ್ರ ಅಪರೂಪ. ಕಾರ್‌ಬ್ರಿಡ್ಜ್‌ನ ಪೆಟ್ಟಿಗೆಯ ಕವಚಗಳಲ್ಲೇ, ಮುರಿದ ಕೀಲನ್ನು ತೆಗೆದು ಆ ಜಾಗದಲ್ಲಿ ಎರಡು ತಗಡುಗಳನ್ನು ಸೇರಿಸಿ ನೇರವಾಗಿ ರಿವೆಟ್ ಹೊಡೆದ ದುರಸ್ತಿಯ ಗುರುತುಗಳಿವೆ. ಇದಕ್ಕೆ ಏನು ಅರ್ಥ? ಗ್ಲಾಸ್ಟರ್‌ಶೈರ್‌ನಲ್ಲಿ 1972ರಲ್ಲಿ ಹುಟ್ಟಿದ ಎರ್ಮಿನ್ ಸ್ಟ್ರೀಟ್ ಗಾರ್ಡ್‌ನಂಥ ಮರುಪ್ರದರ್ಶನದ ತಂಡಗಳವರು ಪ್ರತಿಕೃತಿಗಳನ್ನು ವರ್ಷಗಟ್ಟಲೆ ತೊಟ್ಟು, ಕಳಚಿ, ಮಳೆಯಲ್ಲಿ ನೆನೆಸಿ, ಗಾಡಿಯಲ್ಲಿ ಹೇರಿ ಬಳಸಿದಾಗ, ಮೊದಲು ಕೈಕೊಡುವುದು ಈ ತೆಳು ಹಿತ್ತಾಳೆಯ ಸಾಮಾನುಗಳೇ ಎಂದು ಕಂಡುಕೊಂಡರು. ಯುದ್ಧದಲ್ಲಿ ಮುರಿದವು ಎಂದು ಭಾವಿಸುತ್ತಿದ್ದ ತುಂಡುಗಳು ದಿನನಿತ್ಯದ ತೊಡುವ-ಕಳಚುವ ಕೆಲಸದಲ್ಲೇ ಮುರಿದಿರಬಹುದೆಂದು ಆಗ ಹೊಳೆಯಿತು. ನ್ಯೂಸ್ಟೆಡ್ ಮಾದರಿಯ ಈಚಿನ ಕವಚದಲ್ಲಿ ಜೋಡಣೆಯ ಸಾಮಾನುಗಳು ಸರಳವಾಗಿಯೂ ಗಟ್ಟಿಯಾಗಿಯೂ ಇರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ನೆಲದಲ್ಲಿ ಸಿಕ್ಕ ಮುರಿತ, ಮೈಮೇಲೆ ಕಂಡ ಮುರಿತ, ಕಾಲಾನುಕ್ರಮದಲ್ಲಿ ಆದ ಬದಲಾವಣೆ, ಈ ಮೂರೂ ಒಂದೇ ಕಡೆ ಕೈ ತೋರಿಸುತ್ತಿವೆ. ಪ್ರಯೋಗ ಇಲ್ಲಿ ‘ಹೀಗೆಯೇ ಇತ್ತು’ ಎಂದು ಹೇಳಲಿಲ್ಲ, ನೆಲದ ಸಾಕ್ಷ್ಯವನ್ನು ಓದುವ ಬಗೆ ಕಲಿಸಿತು. ನನ್ನ ದೃಷ್ಟಿಯಲ್ಲಿ ಇದು ಬಾಣ ಹೊಡೆಯುವ ಪರೀಕ್ಷೆಗಿಂತ ಬೆಲೆಯುಳ್ಳದ್ದು.

ಜರ್ಮನಿಯ ಮಾರ್ಕುಸ್ ಯುಂಕೆಲ್ಮನ್ 1985ರಲ್ಲಿ ಸಂಗಡಿಗರೊಂದಿಗೆ ರೋಮನ್ ಸೈನಿಕರ ಉಡುಪಿನಲ್ಲಿ ಇಟಲಿಯ ವೆರೋನಾದಿಂದ ಆಲ್ಪ್ಸ್ ದಾಟಿ ಆಗ್ಸ್‌ಬರ್ಗ್‌ವರೆಗೆ ನಡೆದದ್ದೂ ಈ ಬಗೆಯ ಪ್ರಯೋಗವೇ. ಉಂಗುರ ಕವಚ ತೊಟ್ಟು ಹೆಗಲು ನೋಯಿಸಿಕೊಂಡವರೆಲ್ಲ, ಸೊಂಟಕ್ಕೆ ಬೆಲ್ಟನ್ನು ಬಿಗಿಯಾಗಿ ಕಟ್ಟಿ ಕವಚವನ್ನು ಸ್ವಲ್ಪ ಮೇಲಕ್ಕೆಳೆದರೆ ಅರ್ಧ ಭಾರ ಸೊಂಟಕ್ಕೆ ಇಳಿಯುತ್ತದೆ ಎಂದು ಹೇಳುತ್ತಾರೆ. ಸೈನಿಕನ ಬೆಲ್ಟ್ ಬರೀ ಅಲಂಕಾರವಲ್ಲವೆಂದು ತಿಳಿಯಲು ಹತ್ತು ಮೈಲಿ ನಡೆದರೆ ಸಾಕು.

ಹೊಸಬ:

ಹಿರಿಯರಲ್ಲಿ ಒಂದು ಸಣ್ಣ ಪ್ರಶ್ನೆ. ಚಲನಚಿತ್ರಗಳಲ್ಲಿ ರೋಮನ್ನರು ತೊಗಲಿನ ಎದೆಕವಚ ತೊಟ್ಟಿರುತ್ತಾರೆ. ಅದು ಪೂರ್ತಿ ಸುಳ್ಳೇ?

ಟೈನ್‌ದಂಡೆ:

ನನ್ನ ಮನೆಯಿಂದ ಸ್ವಲ್ಪವೇ ದೂರದಲ್ಲಿ ವಿಂಡೋಲಾಂಡಾ ಎಂಬ ರೋಮನ್ ಕೋಟೆಯ ಅವಶೇಷವಿದೆ. ಅಲ್ಲಿನ ನೆಲದ ಕೆಳಪದರಗಳಲ್ಲಿ ಗಾಳಿಯಾಡದ ಕಾರಣ ತೊಗಲು ಕೊಳೆಯದೆ ಉಳಿದಿದೆ. ಸಾವಿರಾರು ಪಾದರಕ್ಷೆಗಳು, ಡೇರೆಯ ಹಾಳೆಗಳು, ಕುದುರೆಯ ಮುಖಕಾಪು ಎಲ್ಲ ಸಿಕ್ಕಿವೆ. ತೊಗಲಿನ ಎದೆಕವಚ ಸಿಕ್ಕಿಲ್ಲ. ಮಕ್ಕಳ ಚಪ್ಪಲಿಯನ್ನೂ ಉಳಿಸಿಕೊಟ್ಟ ಮಣ್ಣು ದೊಡ್ಡವರ ಕವಚವನ್ನು ಮಾತ್ರ ತಿಂದುಹಾಕಿತು ಎನ್ನುವುದು ಕಷ್ಟ. ಆದ್ದರಿಂದ ಲೀಜನ್ ಸೈನಿಕರ ತೊಗಲಿನ ಕವಚ ಎಂಬುದು ಸುಳ್ಳು ಎಂದೇ ನಾನು ಹೇಳುತ್ತೇನೆ.

ಹಳೆಪುಟ:

ಅಷ್ಟು ಗಟ್ಟಿಯಾಗಿ ಹೇಳಲು ನಾನು ಹಿಂಜರಿಯುತ್ತೇನೆ. ಸಿರಿಯಾದ ದೂರಾ-ಯೂರೋಪಸ್ ಕೋಟೆಯನ್ನು ಕ್ರಿ.ಶ. 256ರ ಸುಮಾರಿಗೆ ಪರ್ಷಿಯಾದ ಸಾಸಾನಿಯನ್ನರು ಮುತ್ತಿಗೆ ಹಾಕಿ ಹಿಡಿದರು. ಆ ಒಣ ಮಣ್ಣಿನಲ್ಲಿ, ನಾರುಬಟ್ಟೆಯ ಮೇಲೆ ಹುರುಪೆಗಳನ್ನು ಹೊಲಿದ ಕುದುರೆಯ ಕವಚಗಳ ಜತೆಗೆ, ಹಸಿತೊಗಲಿನ ತುಂಡುಗಳನ್ನು ದಾರದಿಂದ ಹೆಣೆದು ಮಾಡಿದ ತೊಡೆಕಾಪುಗಳೂ ಸಿಕ್ಕಿವೆ. ಈಜಿಪ್ಟಿನ ಮಾನ್ಫಲೂತ್‌ನಿಂದ ಬಂದ ಮೊಸಳೆ ಚರ್ಮದ ಒಂದು ಇಡಿಯ ಕವಚ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದು ಪೂಜೆ-ಮೆರವಣಿಗೆಗಳಿಗೆ ಬಳಸಿದ್ದು ಎಂಬ ಅಭಿಪ್ರಾಯವಿದ್ದರೂ ತೊಗಲಿನ ಕವಚವೆಂಬುದನ್ನು ಅಲ್ಲಗಳೆಯಲಾಗದು. ‘ಲೋರಿಕಾ’ ಎಂಬ ಪದವೇ ತೊಗಲಿನ ಪಟ್ಟಿ ಎಂಬ ಅರ್ಥದ ‘ಲೋರುಮ್’ನಿಂದ ಬಂತು, ಹಿಂದೆ ಹಸಿತೊಗಲಿನಿಂದ ಎದೆಕಾಪು ಮಾಡುತ್ತಿದ್ದರು ಎಂದು ರೋಮನ್ ವಿದ್ವಾಂಸ ವಾರೋ ಬರೆಯುತ್ತಾನೆ. ವಿಂಡೋಲಾಂಡಾದ ಮೌನ ಬ್ರಿಟನ್ನಿನ ಒಂದು ಕೋಟೆಯ ಮೌನ. ಬ್ರಿಟನ್ನಿನಿಂದ ಯೂಫ್ರೆಟಿಸ್‌ವರೆಗೆ ಹಬ್ಬಿದ್ದ, ನೂರಾರು ವರ್ಷ ಉಳಿದ ಸೇನೆಗೆಲ್ಲ ಅದನ್ನು ಅನ್ವಯಿಸಬಾರದು.

ಆದರೆ ಚಲನಚಿತ್ರದ ತೊಗಲಿಗೆ ಮೂಲ ಬೇರೆ. ರೈನ್ ತೀರದ ಸಮಾಧಿಗಲ್ಲುಗಳಲ್ಲಿ ಸೈನಿಕರ ಮೇಲಂಗಿ ನುಣುಪಾಗಿ ಕಾಣುತ್ತದೆ. ಉಂಗುರಗಳನ್ನು ಉಳಿಯಿಂದ ಒಂದೊಂದಾಗಿ ಕೊರೆಯುವ ಬದಲು ಬಣ್ಣದಿಂದ ಬರೆದಿದ್ದರೆ, ಬಣ್ಣ ಹೋದ ಮೇಲೆ ಉಳಿಯುವುದು ನುಣುಪು ಕಲ್ಲು ಮಾತ್ರ. 19ನೇ ಶತಮಾನದ ಕಣ್ಣಿಗೆ ಆ ನುಣುಪು ತೊಗಲಾಗಿ ಕಂಡಿತು. ಬಾನ್ ನಗರದಲ್ಲಿರುವ, ರೋಮನ್ ಸೇನಾಪತಿ ವಾರುಸ್‌ನ ಯುದ್ಧದಲ್ಲಿ ಮಡಿದ ಸೆಂಚುರಿಯನ್ (ತುಕಡಿಯ ನಾಯಕ) ಮಾರ್ಕುಸ್ ಚೇಲಿಯುಸ್‌ನ ಸ್ಮಾರಕಶಿಲೆಯಲ್ಲಿ ಎದೆಯ ಮೇಲಿನ ಪದಕಗಳೆಲ್ಲ ಒಂದೊಂದಾಗಿ ಎಣಿಸುವಂತಿವೆ. ಆ ಪದಕಗಳ ಹಿಂದಿನ ಕವಚ ಲೋಹದ್ದೋ, ತೊಗಲಿನದೋ, ಬಟ್ಟೆಯದೋ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ.

ಕುಲುಮೆ:

ನಮ್ಮದು ತಲೆಮಾರುಗಳಿಂದ ಕಬ್ಬಿಣದ ಕೆಲಸ. ಎಲ್ಲರೂ ಬಟ್ಟೆ, ತೊಗಲುಗಳನ್ನೇ ಊಹೆ ಎನ್ನುತ್ತಿದ್ದೀರಿ, ಕಬ್ಬಿಣವನ್ನು ಖಚಿತವೆಂದು ಬಿಟ್ಟುಬಿಟ್ಟಿದ್ದೀರಿ. ಕಬ್ಬಿಣದಕಡಲೆ ಅವರು ಅಂಗಡಿಯಿಂದ ತಂದ ತಂತಿ ಇಂದಿನ ಮೈಲ್ಡ್ ಸ್ಟೀಲ್. ಆ ತುದಿಯಿಂದ ಈ ತುದಿಯವರೆಗೆ ಒಂದೇ ಗುಣ. ರೋಮನ್ನರ ಕಾಲದ ಕಬ್ಬಿಣ, ಅದಿರನ್ನು ಪೂರ್ತಿ ಕರಗಿಸದೆ ಇದ್ದಿಲಿನ ಒಲೆಯಲ್ಲಿ ಕಾಯಿಸಿ, ಬಂದ ಗಟ್ಟಿಯನ್ನು ಮತ್ತೆಮತ್ತೆ ಬಡಿದು ಕಿಟ್ಟ ಹಿಂಡಿ ತೆಗೆದದ್ದು. ಎಷ್ಟು ಬಡಿದರೂ ಕಿಟ್ಟದ ಎಳೆಗಳು ಒಳಗೆ ಉಳಿಯುತ್ತವೆ. ಅಂಥ ಕಬ್ಬಿಣದಿಂದ ತಂತಿ ಎಳೆದು, ತುದಿ ಚಪ್ಪಟೆ ಮಾಡಿ ತೂತು ಹೊಡೆದರೆ, ಕಿಟ್ಟದ ಎಳೆ ತೂತಿನ ಅಂಚಿಗೆ ಬಂದ ಕಡೆ ಸೀಳು ಬಿಡುತ್ತದೆ. ಒಂದೇ ಪಟ್ಟಿಯಲ್ಲಿ ಒಂದು ಕಡೆ ಇಂಗಾಲ ಹೆಚ್ಚಿ ಗಟ್ಟಿಯಾಗಿರಬಹುದು, ಇನ್ನೊಂದು ಕಡೆ ಮೆತ್ತಗಿರಬಹುದು. ನಿಮ್ಮ ಸಾವಿರ ಉಂಗುರಗಳು ಒಂದೇ ಬಲದವು; ಅವರ ಸಾವಿರದಲ್ಲಿ ಎಷ್ಟು ಕೈಕೊಡುವಂಥವಿದ್ದವೋ. ಕವಚ ಮುರಿಯುವುದು ಸರಾಸರಿ ಉಂಗುರದಲ್ಲಲ್ಲ, ಅತ್ಯಂತ ದುರ್ಬಲ ಉಂಗುರದಲ್ಲಿ.

ತುಕ್ಕಾಗಿ ಸಿಕ್ಕ ತಗಡಿನ ದಪ್ಪವನ್ನು ಅಳೆಯುವುದೂ ಸುಲಭವಲ್ಲ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಮೇಲ್ಪದರ ಉದುರಿದಾಗ ತೆಳುವಾಗುತ್ತದೆ. ಒಂದು ಮಿಲಿಮೀಟರ್ ತಗಡು, ಒಂದೂಕಾಲು ಮಿಲಿಮೀಟರ್ ತಗಡು ಎರಡನ್ನೂ ಕೈಯಲ್ಲಿ ಬಗ್ಗಿಸಿ ನೋಡಿ, ಆ ಕಾಲು ಮಿಲಿಮೀಟರ್ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಹಳೆಪುಟ:

ಕುಲುಮೆ ಅವರ ಮಾತಿನಿಂದ ನನ್ನ ತಿಳಿವಳಿಕೆಯೂ ತಿದ್ದಿತು. ಇದಕ್ಕೆ ಸೇರಿಸಬೇಕಾದ ಒಂದು ಹೊಸ ಸಂಗತಿಯಿದೆ. ಕ್ರಿ.ಶ. 9ರಲ್ಲಿ ವಾರುಸ್‌ನ ಮೂರು ಲೀಜನ್‌ಗಳು ನಾಶವಾದ ಯುದ್ಧದೊಂದಿಗೆ ಗುರುತಿಸಲಾಗುವ ಜರ್ಮನಿಯ ಕಾಲ್ಕ್ರೀಸೆಯಲ್ಲಿ 2018ರಲ್ಲಿ ಪಟ್ಟಿ ಕವಚವೊಂದು ಸಿಕ್ಕಿತು. 2020ರಲ್ಲಿ ಅದನ್ನು ಪ್ರಕಟಿಸಿದರು. ಕಾರ್‌ಬ್ರಿಡ್ಜ್‌ನ ಪೆಟ್ಟಿಗೆಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನದು, ಈ ಬಗೆಯಲ್ಲಿ ಅತಿ ಹಳೆಯದು. ಅದನ್ನು ನೆಲದಲ್ಲೇ ಬಿಡಿಸಲು ಹೋಗದೆ, ಸುತ್ತಲಿನ ಮಣ್ಣಿನ ಗಟ್ಟಿಯ ಸಮೇತ ಎತ್ತಿ, ದೊಡ್ಡ ಸಿ.ಟಿ. ಸ್ಕ್ಯಾನ್ ಯಂತ್ರದಲ್ಲಿಟ್ಟು, ಒಳಗೆ ಪಟ್ಟಿಗಳು ಯಾವ ಭಂಗಿಯಲ್ಲಿ ಮಲಗಿವೆ ಎಂದು ಮೊದಲೇ ನೋಡಿಕೊಂಡರು. ಮಣ್ಣು ಬಿಡಿಸಿದೊಡನೆ ಅಳಿಸಿಹೋಗುವ ಪರಸ್ಪರ ಸ್ಥಾನದ ಮಾಹಿತಿ ಹಾಗೆ ದಾಖಲೆಯಾಗಿ ಉಳಿಯಿತು. ರಾಬಿನ್ಸನ್ ಅವರಿಗೆ ಈ ಅನುಕೂಲವಿದ್ದಿದ್ದರೆ ಎಂದು ಮನಸ್ಸು ಮರುಗುತ್ತದೆ. ಆದರೂ ಸ್ಕ್ಯಾನ್ ತೋರಿಸುವುದು ಲೋಹವನ್ನು. ಅದರಡಿಯಲ್ಲಿ ಆ ಸೈನಿಕ ತೊಟ್ಟಿದ್ದ ಉಡುಪನ್ನಲ್ಲ.

ಕಬ್ಬಿಣದಕಡಲೆ:

ಎಲ್ಲರಿಗೂ ಕೃತಜ್ಞತೆಗಳು. ನಮ್ಮೂರಿನ ಪ್ರೌಢಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಈ ತುಂಡನ್ನು ಇಡುವವನಿದ್ದೇನೆ. ‘ರೋಮನ್ ಉಂಗುರ ಕವಚ: ಮೊನೆಯ ಪೆಟ್ಟನ್ನು ತಡೆಯುತ್ತದೆ’ ಎಂದು ಬರೆದಿಟ್ಟಿದ್ದ ಚೀಟಿಯನ್ನು ನಿನ್ನೆ ರಾತ್ರಿ ತೆಗೆದು ಬೇರೆ ಬರೆದೆ. ಮಕ್ಕಳು ಓದುವಂತೆ ಹೀಗಿಟ್ಟಿದ್ದೇನೆ, ತಪ್ಪಿದ್ದರೆ ತಿದ್ದಿ:

“ಉಂಗುರದ ಅಳತೆ, ಒಂದು ಸಾಲು ಇಡಿಯ ಉಂಗುರ ಒಂದು ಸಾಲು ರಿವೆಟ್ ಉಂಗುರ ಎಂಬ ಕ್ರಮ, ಉತ್ಖನನಗಳಲ್ಲಿ ಸಿಕ್ಕ ಕವಚಗಳಿಂದ ತೆಗೆದುಕೊಂಡದ್ದು. ತಂತಿ ಇಂದಿನ ಉಕ್ಕಿನದು. ರೋಮನ್ನರ ಕಬ್ಬಿಣ ಇಷ್ಟು ಸಮನಾಗಿರಲಿಲ್ಲ. ಕೆಳಗಿನ ಕಂಬಳಿ ನಮ್ಮ ಮನೆಯದು, ಏಳು ವರ್ಷ ಹಳೆಯದು. ಕಂಬಳಿ ಇಲ್ಲದೆ ಹಲಗೆಯ ಮೇಲೆ ಇಟ್ಟಾಗ ಇದೇ ಕವಚದ ಮೂರು ರಿವೆಟ್‌ಗಳು ಕಿತ್ತವು. ಆ ಜಾಗಕ್ಕೆ ಕೆಂಪು ದಾರ ಕಟ್ಟಿದೆ.”

ಕಿತ್ತ ಉಂಗುರಗಳನ್ನು ಸರಿಪಡಿಸದೆ ಹಾಗೇ ಬಿಟ್ಟಿದ್ದೇನೆ. ಕಂಬಳಿ ಹಳೆಯದಾದ್ದರಿಂದ ಸರಿ ತೊಳೆದುಹೋಗಿರಬೇಕು, ಆದರೆ ನೂಲೆಳೆ ಅವರು ಹೇಳಿದ ಮೇಲೆ ಫೆಲ್ಟ್ ಮೇಲೆ ಮತ್ತೊಮ್ಮೆ ಪರೀಕ್ಷಿಸದೆ ಸಮಾಧಾನವಿಲ್ಲ. ಎಲ್ಲಿ ಸಿಗುತ್ತದೆ ಎಂದು ತಿಳಿಸುವಿರಾ?

ನೂಲೆಳೆ:

ಅಂಗಡಿಯ ಫೆಲ್ಟ್ ತರಬೇಡಿ, ಅದರಲ್ಲಿ ಬಹುಪಾಲು ಪ್ಲಾಸ್ಟಿಕ್ ನಾರು. ನಾನೇ ಮಾಡಿ ಕಳಿಸುತ್ತೇನೆ. ಪ್ಲಿನಿಯ ವಾಕ್ಯದಿಂದ ವಿನಿಗರನ್ನು ಒತ್ತುವಾಗಲೇ ಸೇರಿಸಬೇಕೋ, ಒತ್ತಿ ಒಣಗಿಸಿದ ಮೇಲೆ ಅದ್ದಬೇಕೋ ತಿಳಿಯುವುದಿಲ್ಲ. ಆದ್ದರಿಂದ ಒಂದೇ ಉಣ್ಣೆಯಿಂದ, ಒಂದೇ ತೂಕದ ಮೂರು ತುಂಡು ಮಾಡುತ್ತೇನೆ: ಒಂದು ಬರೀ ನೀರಿನಲ್ಲಿ, ಒಂದು ವಿನಿಗರ್ ಸೇರಿಸಿ ಒತ್ತಿದ್ದು, ಒಂದು ಆಮೇಲೆ ಅದ್ದಿದ್ದು. ಮೂಲೆಯಲ್ಲಿ ಒಂದು, ಎರಡು, ಮೂರು ಗಂಟು ಹಾಕಿರುತ್ತೇನೆ. ಯಾವ ಗಂಟಿನದು ಯಾವುದೆಂದು ಈಗ ಹೇಳುವುದಿಲ್ಲ. ನೀವು ಮೊಳೆ ಬೀಳಿಸಿ, ಮೂರರ ಗುಳಿಯ ಆಳವನ್ನೂ ಇಲ್ಲಿ ಬರೆದ ಮೇಲೆ ಹೇಳುತ್ತೇನೆ.